ಮಾರ್ಕೆಟ್ ರಸ್ತೆಯ ತಾತನ ಮಂಡಿ: ಹೆಂಚಿನ ಮೇಲೆ 1865 ಅಂತಿದೆ, ಕಟ್ಟಡವೂ ಅಷ್ಟು ಹಳೆಯದಾ?

ಮಂಡಿಮನೆ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ಮಾರ್ಕೆಟ್ ರಸ್ತೆ ಹತ್ತಿರ ನಮ್ಮ ಕುಟುಂಬದ ಹಳೇ ಕಟ್ಟಡ ಒಂದಿದೆ. ಮುಂದೆ ಮೂರು ಅಂಗಡಿ, ಮೇಲೆ ಮಹಡಿ, ಹಿಂದೆ ಉದ್ದಕ್ಕೆ ಒಂದು ದೊಡ್ಡ ಗೋದಾಮು. ತಾತ ಅಲ್ಲಿ ಮೆಣಸು, ಏಲಕ್ಕಿ ಮಂಡಿ ನಡೆಸುತ್ತಿದ್ದರು. ಈಗ ಎರಡು ಅಂಗಡಿ ಬಾಡಿಗೆಗಿವೆ, ಉಳಿದದ್ದು ಖಾಲಿ. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರ ಪಾಲು. ಕೆಡವಿ ಕಾಂಪ್ಲೆಕ್ಸ್ ಕಟ್ಟೋಣ ಅಂತ ಚಿಕ್ಕಪ್ಪ ಹೇಳುತ್ತಿದ್ದಾರೆ. ನೋಡಲು ಬಂದ ಇಂಜಿನಿಯರ್ ಒಬ್ಬರು ಹತ್ತು ನಿಮಿಷ ಸುತ್ತಾಡಿ, "ಇದರಲ್ಲಿ ಜೀವ ಇಲ್ಲ, ಕೆಡವಿಬಿಡಿ" ಅಂದರು. ನನಗೆ ಮನಸ್ಸು ಒಪ್ಪುತ್ತಿಲ್ಲ.

ಕಟ್ಟಡ ಹೀಗಿದೆ. ರಸ್ತೆಗೆ ಕಲ್ಲಿನ ಜಗಲಿ, ಅದರ ಮೇಲೆ ನಾಲ್ಕು ಮರದ ಕಂಬ. ನಡುವಿನ ಅಂಗಡಿಗೆ ಇನ್ನೂ ಹಲಗೆ ಬಾಗಿಲೇ ಇದೆ. ಒಂದೊಂದು ಹಲಗೆಯ ತಲೆಯ ಹತ್ತಿರ ಉಳಿಯಿಂದ ೧, ೨, ೩ ಅಂತ ಕೆತ್ತಿದ್ದಾರೆ. ಒಟ್ಟು ಒಂಬತ್ತು. ಆರನೆಯದು ಮಾತ್ರ ಬೇರೆ ಮರದ್ದು, ಅದಕ್ಕೆ ಅಂಕಿ ಇಲ್ಲ. ಅಂಗಡಿಯೊಳಗೆ ನಿಂತು ತಲೆ ಎತ್ತಿದರೆ ಮರದ ಜಂತೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಇಟ್ಟಿಗೆ ಕಾಣುತ್ತದೆ. ಮಧ್ಯೆ ಒಂದು ಕಬ್ಬಿಣದ ತೊಲೆ ಇದೆ. ಗೋಡೆ ಅಳೆದೆ, ಎರಡು ಅಡಿ ದಪ್ಪ.

ನನ್ನ ಪ್ರಶ್ನೆಗಳು: ಗೋದಾಮಿನ ಹೆಂಚಿನ ಮೇಲೆ ಇಂಗ್ಲಿಷಿನಲ್ಲಿ ಬಾಸೆಲ್ ಮಿಷನ್, 1865 ಅಂತಿದೆ. ಕಟ್ಟಡ ಅಷ್ಟು ಹಳೆಯದಾ? ಹಳೇ ಕ್ರಯಪತ್ರದಲ್ಲಿ "ಕಡೂರು ಜಿಲ್ಲೆ" ಅಂತ ಬರೆದಿದೆ, ಇದು ಬೇರೆ ಆಸ್ತಿಯ ಪತ್ರ ಇರಬಹುದಾ? ಹಿಂಗೋಡೆ ಒದ್ದೆಯಾಗಿ ಪ್ಲಾಸ್ಟರ್ ಕಳಚುತ್ತಿದೆ, ಉಳಿಸಬಹುದಾ? ಮೆಣಸು, ಏಲಕ್ಕಿಗೆ ಅಷ್ಟು ದೊಡ್ಡ ಗೋದಾಮು ಯಾಕೆ ಬೇಕಿತ್ತು? ಅಪ್ಪನಿಗೂ ಗೊತ್ತಿಲ್ಲ.

ಅಯ್ಯನಕೆರೆ ಅಲೆ

ಆ ರಸ್ತೆಯಲ್ಲಿ ದಿನಾ ಓಡಾಡುತ್ತೇನೆ, ಜಗಲಿ ನೋಡಿದ್ದೇನೆ. ದಯವಿಟ್ಟು ಆತುರ ಪಡಬೇಡಿ.

ಹಳೇ ಹೆಂಚು

ಹೆಂಚಿನ ಮೇಲಿರುವ 1865 ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆಮೇಲೆ ಎಷ್ಟೋ ವರ್ಷ ಅದೇ ಇಸವಿಯನ್ನು ಅಚ್ಚಿನಲ್ಲಿ ಒತ್ತುತ್ತಿದ್ದರು. ಆಲ್ಬುಕರ್ಕ್ ಕಂಪನಿಯ ಹೆಂಚಿನ ಮೇಲೆ 1868 ಅಂತಿರುತ್ತದೆ, ಅದೂ ಹೀಗೆಯೇ.

ಆದರೂ ಹೆಂಚು ಒಂದು ಸುಳಿವು ಕೊಡುತ್ತದೆ. ಮಿಷನ್‌ನಲ್ಲಿ ಜರ್ಮನರು ಜಾಸ್ತಿ ಇದ್ದರು. ಹಾಗಾಗಿ ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಅವರ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡರು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಅಂದರೆ ಬಾಸೆಲ್ ಮಿಷನ್ ಅಚ್ಚಿನ ಹೆಂಚು ಹೆಚ್ಚುಕಡಿಮೆ ಮೊದಲ ಯುದ್ಧಕ್ಕಿಂತ ಮುಂಚಿನದು. ನಿಮ್ಮ ಮಾಡಿನ ಮೇಲೆ ಎರಡೂ ಥರದ ಹೆಂಚು ಇದೆಯಾ ನೋಡಿ.

ಮೂಡಿಗೆರೆ ಮಳೆ

ನಮ್ಮ ಮನೆ ಹೆಂಚಿನ ಮೇಲೂ 1865 ಇದೆ. ನಮ್ಮ ಮುತ್ತಜ್ಜ ಆಗಲೇ ಮನೆ ಕಟ್ಟಿದ್ದು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಮ್ನೆ ಹೇಳುತ್ತಾರಾ?

ಹಳೇ ಹೆಂಚು

ಮೂಡಿಗೆರೆಯವರೇ, ಮನೆ ಹಳೆಯದಿರಬಹುದು, ಬೇಡ ಅನ್ನುತ್ತಿಲ್ಲ. ಆದರೆ ಸಾಕ್ಷಿ ಹೆಂಚು ಅಲ್ಲ. ಹೆಂಚು ಇಳಿಸಿ ಇನ್ನೊಂದು ಕಡೆ ಹೊದಿಸುವುದು ನಮ್ಮಲ್ಲಿ ಮಾಮೂಲಿ. ಒಂದು ಮಾಡು ಬಿದ್ದರೆ ಅದರ ಹೆಂಚು ಮೂರು ಕೊಟ್ಟಿಗೆಗೆ ಹೋಗುತ್ತದೆ. ನಾಡಹೆಂಚಿನ ಮನೆ ಮೊದಲು ಕಟ್ಟಿ, ಆಮೇಲೆ ಮಂಗಳೂರು ಹೆಂಚು ಹಾಕಿದವರೂ ಇದ್ದಾರೆ. ಹೆಂಚು ಮನೆಗಿಂತ ಹಳೆಯದೂ ಇರಬಹುದು, ಹೊಸದೂ ಇರಬಹುದು.

ಪತ್ರ ಪಹಣಿ

ಕ್ರಯಪತ್ರದ ಬಗ್ಗೆ ಹೆದರಬೇಡಿ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಮೈಸೂರು ರಾಜ್ಯದ ಕಾಲದಲ್ಲಿ ಕಡೂರು ಜಿಲ್ಲೆ ಅಂತಲೇ ಹೆಸರು. ಜಿಲ್ಲಾ ಕೇಂದ್ರ ಮಾತ್ರ ಚಿಕ್ಕಮಗಳೂರು. ಹೆಸರು ಬದಲಾಗಿದ್ದು 1947ರಲ್ಲಿ. ಹಾಗಾಗಿ ಅದು ನಿಮ್ಮದೇ ಆಸ್ತಿಯ ಪತ್ರ ಇರಬಹುದು, ಮತ್ತು 1947ಕ್ಕಿಂತ ಹಿಂದಿನದು. ಚಕ್ಕುಬಂದಿ ಓದಿ. ಪೂರ್ವಕ್ಕೆ ಯಾರ ಮಳಿಗೆ, ಪಶ್ಚಿಮಕ್ಕೆ ಯಾವ ಓಣಿ ಅಂತ ಇರುತ್ತದೆ. ಜಾಗವನ್ನು "ಖಾಲಿ ನಿವೇಶನ" ಅಂದಿದ್ದಾರಾ, "ಹೆಂಚಿನ ಮಳಿಗೆ" ಅಂದಿದ್ದಾರಾ ಅನ್ನುವುದು ಬಹಳ ಮುಖ್ಯ. ಆ ಒಂದು ಪದದಲ್ಲೇ ಅರ್ಧ ಉತ್ತರ ಸಿಗುತ್ತದೆ.

ಮಂಡಿಮನೆ ಮೊಮ್ಮಗ

ಅಯ್ಯೋ, ಇಷ್ಟು ಬೇಗ ಇಷ್ಟೊಂದು ಉತ್ತರ! ಈಗಷ್ಟೇ ಪತ್ರ ತೆಗೆದು ನೋಡಿದೆ. "ಹೆಂಚು ಹೊದಿಸಿದ ಮಳಿಗೆ, ಹಿಂದಿನ ದಾಸ್ತಾನು ಕೊಠಡಿ ಸಹಿತ" ಅಂತಿದೆ. ಅಂದರೆ ನಮ್ಮವರು ಕಟ್ಟಿಸಿದ್ದಲ್ಲ, ಕಟ್ಟಿದ್ದನ್ನು ಕೊಂಡಿದ್ದು. ನಮ್ಮ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಕಾಂಕ್ರೀಟ್ ಕೈ

ಎಲ್ಲರೂ ಉಳಿಸಿ ಉಳಿಸಿ ಅನ್ನುತ್ತಿದ್ದೀರಿ. ಖರ್ಚು ಯಾರು ಕೊಡುತ್ತಾರೆ? ಎರಡು ಅಂಗಡಿ ಬಾಡಿಗೆಯಲ್ಲಿ ಮೂರು ಕುಟುಂಬ ಪಾಲು ಹಂಚಿಕೊಂಡರೆ ಕೈಗೆ ಏನು ಬರುತ್ತದೆ? ಜಂತೆಗೆ ಒಳ್ಳೇ ಮರ ಬೇಕು, ಮರದ ಬೆಲೆ ಕೇಳಿದ್ದೀರಾ? ಗಾರೆ ಅರೆಯುವವರು ಎಲ್ಲಿದ್ದಾರೆ? ಅವರ ಚಿಕ್ಕಪ್ಪ ಹೇಳುವುದರಲ್ಲಿ ನ್ಯಾಯ ಇದೆ. ನಾಳೆ ಗೋಡೆ ಬಿದ್ದು ಬಾಡಿಗೆದಾರರಿಗೆ ಏನಾದರೂ ಆದರೆ ಹೊಣೆ ಯಾರು?

ಹಾಸನದ ಹಲಗೆ

ಕಾಂಕ್ರೀಟ್ ಕೈ ಅವರೇ, ಖರ್ಚಿನ ಮಾತು ಸರಿ. ಹಾಗಂತ ಹತ್ತು ನಿಮಿಷದ ಮಾತು ಕೇಳಿ ಕೆಡವುವುದಾ? ನಾವು ಬೇಲೂರಿಗೆ ಹೋಗಿ 1117ರ ದೇವಸ್ಥಾನದ ಮುಂದೆ ಕೈಮುಗಿದು ಬರುತ್ತೇವೆ. ನಮ್ಮ ತಾತಂದಿರು ದುಡಿದ ಅಂಗಡಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಹಲಗೆ ಬಾಗಿಲಿನ ಮಾತು ಓದಿ ನನ್ನ ಅಪ್ಪ ನೆನಪಾದರು. ನಮ್ಮದು ಹಾಸನದಲ್ಲಿ ಸಣ್ಣ ಬಟ್ಟೆ ಅಂಗಡಿ ಇತ್ತು. ಬೆಳಿಗ್ಗೆ ಹಲಗೆ ತೆಗೆಯುವುದು ನನ್ನ ಕೆಲಸ. ಕೊನೆಯ ಹಲಗೆ ಮೊದಲು ಎತ್ತಬೇಕು, ಆಮೇಲೆ ಒಂದೊಂದಾಗಿ ಚೌಕಟ್ಟಿನ ತೋಡಿನಲ್ಲಿ ಸರಿಸಿ ತೆಗೆಯಬೇಕು. ಅದಕ್ಕೇ ಅಂಕಿ. ಮಳೆಗಾಲದಲ್ಲಿ ಮರ ಉಬ್ಬಿ ಒಂದು ಹಲಗೆಯ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಮೇಣದಬತ್ತಿ ಸವರಿ ಕೂರಿಸುತ್ತಿದ್ದೆವು. ನಿಮ್ಮ ಆರನೇ ಹಲಗೆ ಮುರಿದು ಯಾರೋ ಹೊಸದು ಮಾಡಿಸಿದ್ದಾರೆ. ಅದನ್ನೂ ಹಾಗೇ ಇಡಿ.

ಮೂಡಿಗೆರೆ ಮಳೆ

ಮೇಣದಬತ್ತಿ! ನಮ್ಮಲ್ಲಿ ಕೊಬ್ಬರಿ ಎಣ್ಣೆ.

ಗಾರೆ ಗಾಣ

ನಾನು ಸಿವಿಲ್ ಓದಿದವನು, ಹಳೇ ಗೋಡೆ ಕೆಲಸ ಮಾಡಿಸಿದ ಅನುಭವ ಇದೆ. ಓರೆ ಇಟ್ಟಿಗೆ ಅಂದಿರಲ್ಲ, ಅದು ಮದ್ರಾಸ್ ತಾರಸಿ. ಜಂತೆಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಗಾರೆಯಲ್ಲಿ ಓರೆಯಾಗಿ ಜೋಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಸುಣ್ಣದ ಕಾಂಕ್ರೀಟ್ ಹಾಕಿ ದಿನಗಟ್ಟಲೆ ಬಡಿಯುತ್ತಾರೆ. ಸರಿಯಾಗಿ ಮಾಡಿದ್ದರೆ ನೂರು ವರ್ಷ ಮಿಸುಕುವುದಿಲ್ಲ. ಕೆಡುವುದು ಒಂದೇ ಕಡೆ: ಜಂತೆಯ ತುದಿ ಗೋಡೆಯೊಳಗೆ ಸೇರುವಲ್ಲಿ. ಗೋಡೆ ಒದ್ದೆಯಾದರೆ ಆ ತುದಿ ಕೊಳೆಯುತ್ತದೆ, ಗೆದ್ದಲೂ ಅಲ್ಲೇ ಹತ್ತುತ್ತದೆ. ಒಂದು ಸ್ಕ್ರೂಡ್ರೈವರ್ ತಗೊಂಡು ಪ್ರತಿ ಜಂತೆಯ ತುದಿಗೆ ಚುಚ್ಚಿ ನೋಡಿ. ಗಟ್ಟಿ ಮರ ಟಣ್ ಅನ್ನುತ್ತದೆ. ಕೊಳೆತದ್ದರಲ್ಲಿ ಮೊನೆ ಬೆಣ್ಣೆಯೊಳಗೆ ಹೋದಂತೆ ಹೋಗುತ್ತದೆ.

ಈಗ ಹಿಂಗೋಡೆ. ನನ್ನದೊಂದು ಪ್ರಶ್ನೆ: ಅದಕ್ಕೆ ಯಾವಾಗಲಾದರೂ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದೀರಾ?

ಮಂಡಿಮನೆ ಮೊಮ್ಮಗ

ಹೌದು ಸಾರ್. ನಾನು ಹೈಸ್ಕೂಲಿನಲ್ಲಿದ್ದಾಗ ಮಾಡಿಸಿದ್ದು. ಗಟ್ಟಿಯಾಗಲಿ ಅಂತ ಒಳಗೂ ಹೊರಗೂ ಸಿಮೆಂಟ್, ಮೇಲೆ ಆಯಿಲ್ ಪೇಂಟ್.

ಗಾರೆ ಗಾಣ

ಅಲ್ಲೇ ಇರುವುದು ಕಾಯಿಲೆ. ಸುಣ್ಣದ ಗಾರೆಯ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸಿಮೆಂಟ್ ಬಳಿದರೆ ಕುಡಿದ ನೀರು ಹೊರಗೆ ಹೋಗಲು ದಾರಿಯಿಲ್ಲ. ಒಳಗೇ ನಿಂತು ಗಾರೆಯನ್ನು ಸಡಿಲ ಮಾಡುತ್ತದೆ, ಉಪ್ಪು ಮೇಲೆ ಬಂದು ಪ್ಲಾಸ್ಟರನ್ನು ತಳ್ಳುತ್ತದೆ. ಗೋಡೆ ಹಳೆಯದಾಗಿ ಸತ್ತದ್ದಲ್ಲ, ಉಸಿರು ಕಟ್ಟಿದ್ದು.

ಮಾಡಬೇಕಾದದ್ದು ಇಷ್ಟು. ಮಳೆಗಿಂತ ಮುಂಚೆ ಮಾಡಿನ ನೀರು ಹರಿಯುವ ದೋಣಿ ನೋಡಿ. ಮುಂದಿನ ಮಾಡು, ಗೋದಾಮಿನ ಮಾಡು ಸೇರುವ ಕಡೆ ತಗಡಿನ ದೋಣಿ ಇದ್ದೇ ಇರುತ್ತದೆ, ಕಸ ತುಂಬಿ ತೂತಾಗಿರುತ್ತದೆ. ಅದು ಸರಿಯಾಗದೆ ಗೋಡೆ ಮುಟ್ಟಬೇಡಿ. ಆಮೇಲೆ ಸಿಮೆಂಟ್ ಪೂರ್ತಿ ಕೆತ್ತಿ ತೆಗೆಸಿ, ಒಂದು ಬೇಸಿಗೆ ಗೋಡೆ ಒಣಗಲು ಬಿಡಿ. ನಂತರ ಸುಣ್ಣ, ಮರಳು, ಇಟ್ಟಿಗೆ ಪುಡಿ ಅರೆದ ಗಾರೆ. ಬಿರುಕು ಇದ್ದರೆ ಅದಕ್ಕೆ ಅಡ್ಡಲಾಗಿ ಗಾಜಿನ ಚೂರು ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಈಗಲೂ ಸರಿಯುತ್ತಿದೆ ಅಂತ ಅರ್ಥ. ಒಡೆಯದಿದ್ದರೆ ಅದು ಹಳೇ ಗಾಯ.

ಅಯ್ಯನಕೆರೆ ಅಲೆ

ಗಾರೆಗೆ ಕೋಳಿಮೊಟ್ಟೆ ಹಾಕುತ್ತಿದ್ದರಂತೆ, ನಿಜವಾ?

ಗಾರೆ ಗಾಣ

ಕೆಲವು ಕಡೆ ನುಣುಪು ಪ್ಲಾಸ್ಟರಿಗೆ ಮೊಟ್ಟೆಯ ಬಿಳಿ ಬಳಸಿದ್ದುಂಟು. ಸಾಮಾನ್ಯವಾಗಿ ಹಾಕುತ್ತಿದ್ದುದು ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಎತ್ತು ಕಟ್ಟಿ ಗಾಣದಲ್ಲಿ ಅರೆಯುತ್ತಿದ್ದರು. ಈಗ ಸಿಮೆಂಟ್ ಕಲಸುವವರನ್ನೂ ನಾವು ಗಾರೆ ಕೆಲಸದವರು ಅಂತಲೇ ಕರೆಯುತ್ತೇವೆ, ಅಲ್ವಾ? ಗಾರೆ ಹೋದರೂ ಹೆಸರು ಉಳಿದಿದೆ.

ಪಾರ್ಚ್‌ಮೆಂಟ್ ಪಟೇಲ

ಗೋದಾಮು ಯಾಕೆ ದೊಡ್ಡದು ಅಂತ ಕೇಳಿದ್ದೀರಿ. ನಾನು ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜದ ಹೊಟ್ಟು ತೆಗೆದು ವಿಂಗಡಿಸುವ ಕಾರ್ಖಾನೆ) ಒಂದರಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ಮೂರು ವಿಷಯ ನೋಡಿ ಹೇಳಿ. ನೆಲ ಮಣ್ಣಿನ ಮೇಲಿದೆಯಾ, ಕಲ್ಲಿನ ಗಿಡ್ಡ ಕಂಬದ ಮೇಲೆ ಹಲಗೆ ಹಾಸಿದ್ದಾರಾ? ಕಿಟಕಿ ಎಷ್ಟು ಎತ್ತರದಲ್ಲಿವೆ? ಹೊರಗೆ ಕಣ ಇತ್ತಾ?

ಮಂಡಿಮನೆ ಮೊಮ್ಮಗ

ಸಾರ್, ನೀವು ನೋಡಿದ ಹಾಗೇ ಹೇಳುತ್ತಿದ್ದೀರಿ. ಮೊಣಕಾಲೆತ್ತರದ ಕಲ್ಲುಗಳ ಮೇಲೆ ಹಲಗೆಯ ನೆಲ, ಕೆಳಗೆ ಗಾಳಿ ಆಡುತ್ತದೆ. ಕಿಟಕಿ ಚಿಕ್ಕವು, ಮಾಡಿನ ಹತ್ತಿರ ಇವೆ, ತಂತಿ ಬಲೆ ಇದೆ. ಹಿತ್ತಲಲ್ಲಿ ಹಳೇ ಗಾರೆಯ ದೊಡ್ಡ ಅಂಗಳ ಇದೆ, ಈಗ ಅರ್ಧ ಹುಲ್ಲು ಬೆಳೆದಿದೆ.

ಪಾರ್ಚ್‌ಮೆಂಟ್ ಪಟೇಲ

ಹಾಗಾದರೆ ಅದು ಕಾಫಿ ಗೋದಾಮು. ಕಾಫಿ ತೇವವನ್ನೂ ವಾಸನೆಯನ್ನೂ ಬೇಗ ಎಳೆದುಕೊಳ್ಳುತ್ತದೆ. ಪಾರ್ಚ್‌ಮೆಂಟನ್ನು (ಹಣ್ಣಿನ ಸಿಪ್ಪೆ ತೆಗೆದು, ಒಳಹೊಟ್ಟು ಉಳಿಸಿದ ಕಾಫಿ ಬೀಜ) ಹತ್ತು ಹನ್ನೊಂದು ಪರ್ಸೆಂಟ್ ತೇವಕ್ಕೆ ಒಣಗಿಸಿ ತಂದರೂ, ನೆಲದ ಮೇಲೆ ಚೀಲ ಇಟ್ಟರೆ ಮಳೆಗಾಲ ಕಳೆಯುವಷ್ಟರಲ್ಲಿ ಬೀಜ ಬಿಳಿಚಿಕೊಂಡು ಊದಿಕೊಳ್ಳುತ್ತದೆ. ಅದಕ್ಕೇ ಎತ್ತರದ ಹಲಗೆ, ದಪ್ಪ ಗೋಡೆ, ಮೇಲೆ ಕಿಟಕಿ. ಒಳಗೆ ಹೋಗಿ ಒಮ್ಮೆ ಜೋರಾಗಿ ಉಸಿರೆಳೆದು ನೋಡಿ. ಹಲಗೆಯಲ್ಲಿ ಇನ್ನೂ ವಾಸನೆ ಇರಬಹುದು.

ತಾತ ಕಾಫಿ ಮಾಡಿದ್ದು ನಿಮ್ಮ ತಂದೆಗೆ ನೆನಪಿಲ್ಲದ್ದಕ್ಕೂ ಕಾರಣ ಇದೆ. 1942ರಲ್ಲಿ ಕಾಫಿ ಕಾಯ್ದೆ ಬಂತು, ಯುದ್ಧದಲ್ಲಿ ರಫ್ತು ಬಿದ್ದುಹೋಗಿತ್ತು. ಆಮೇಲೆ ಬೆಳೆಗಾರ ತನ್ನ ಕಾಫಿಯನ್ನು ಮಂಡಿಗೆ ಮಾರುವಂತಿರಲಿಲ್ಲ. ಎಲ್ಲವೂ ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಬೋರ್ಡೇ ಮಾರುವ ವ್ಯವಸ್ಥೆಗೆ, ಕ್ಯೂರಿಂಗ್ ವರ್ಕ್ಸ್ ಮೂಲಕ. ಹಣ ಕಾಫಿಯ ದರ್ಜೆಗೆ ತಕ್ಕ ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಬರುತ್ತಿತ್ತು. ಪೂರ್ತಿ ಮುಕ್ತ ಮಾರಾಟ ಬಂದಿದ್ದು 1996ರಲ್ಲಿ. ನಡುವಿನ ಐವತ್ತು ವರ್ಷ ಪೇಟೆಯ ಕಾಫಿ ಮಂಡಿಗಳಿಗೆ ಕೆಲಸವೇ ಇರಲಿಲ್ಲ.

ಮೂಡಿಗೆರೆ ಮಳೆ

ಪೂಲ್ ದುಡ್ಡಿಗೆ ಕಾದು ಕಾದು ನಮ್ಮಜ್ಜ ಸಾಲ ಮಾಡಿದ್ದರು. ಅದೊಂದು ಕಾಲ.

ಪಾರ್ಚ್‌ಮೆಂಟ್ ಪಟೇಲ

ಕಷ್ಟ ಇತ್ತು, ಒಪ್ಪುತ್ತೇನೆ. ಆದರೆ ಬೆಲೆ ಪಾತಾಳಕ್ಕೆ ಬಿದ್ದಾಗ ಸಣ್ಣ ಬೆಳೆಗಾರ ಉಳಿದಿದ್ದೂ ಅದೇ ಪೂಲಿನಿಂದ.

ಮೂಡಿಗೆರೆ ಮಳೆ

ಅದನ್ನು ನಾನು ಒಪ್ಪುವುದಿಲ್ಲ ಪಟೇಲರೇ. ಬೆಲೆ ಏರಿದಾಗ ನಮಗೆ ಸಿಕ್ಕಿದ್ದೇನು?

ಪತ್ರ ಪಹಣಿ

ಇಬ್ಬರೂ ಕಾಫಿ ಪೂಲಿಗೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ. ಇಲ್ಲಿ ಕಟ್ಟಡ ಮುಗಿಸೋಣ.

ಮಂಡಿಮನೆ ಮೊಮ್ಮಗ

ಇವತ್ತು ಭಾನುವಾರ, ಅಪ್ಪನ ಜೊತೆ ಹೋಗಿ ಇಡೀ ದಿನ ಅಲ್ಲೇ ಇದ್ದೆ. ಬರೆಯಲು ತುಂಬಾ ಇದೆ.

ಕಬ್ಬಿಣದ ತೊಲೆಯ ಬಣ್ಣ ಕೆರೆದೆ. ಉಬ್ಬು ಅಕ್ಷರದಲ್ಲಿ ಡಾರ್ಮನ್ ಲಾಂಗ್, ಇಂಗ್ಲೆಂಡ್ ಅಂತಿದೆ. ಹನ್ನೊಂದು ಜಂತೆಗೆ ಚುಚ್ಚಿ ನೋಡಿದೆವು. ಎರಡರ ತುದಿ ಮಾತ್ರ ಮೆತ್ತಗಿದೆ, ಎರಡೂ ಹಿಂಗೋಡೆ ಕಡೆಯವು. ಹೆಂಚು ಎರಡೂ ಥರ ಇದೆ. ದೋಣಿಯಲ್ಲಿ ಅರಳಿ ಗಿಡವೇ ಬೆಳೆದಿತ್ತು.

ಮುಖ್ಯ ವಿಷಯ ಇನ್ನೊಂದು. ಗೋದಾಮಿನ ಬಾಗಿಲ ಹಿಂದಿನ ಗೋಡೆಯಲ್ಲಿ ಪೇಂಟಿನ ಒಂದು ಪದರ ಎದ್ದಿತ್ತು, ಕೈಯಿಂದ ಮೆಲ್ಲಗೆ ಬಿಡಿಸಿದೆ. ಕೆಳಗೆ ಇದ್ದಿಲಿನಲ್ಲಿ ಬರೆದ ಲೆಕ್ಕ. "ಯುವ ಸಂವತ್ಸರ ಮಾರ್ಗಶಿರ ಬಹುಳ ೫. ಕಾಫಿ ಚೀಲ ೧೮. ಕೂಲಿ ರೂ ೨ ಆ ೪." ಕೆಳಗೆ ಇಂಥವೇ ಎಷ್ಟೋ ಸಾಲು. ಅಪ್ಪ ಬೆರಳಿಟ್ಟು ಓದುತ್ತಾ ಹೋದರು. ಒಂದು ಕಡೆಯಿಂದ ಕೆಳಗೆ ಕಾಫಿ ಅನ್ನುವ ಪದವೇ ಇಲ್ಲ, ಬರೀ ಏಲಕ್ಕಿ ಮಣ ಇಷ್ಟು, ಮೆಣಸು ಮಣ ಇಷ್ಟು. ಪಟೇಲರು ಹೇಳಿದ್ದು ಗೋಡೆಯ ಮೇಲೇ ಇತ್ತು. ಅಪ್ಪ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಪತ್ರ ಪಹಣಿ

ಮೈ ಜುಂ ಅಂತು. ಲೆಕ್ಕ ಹಾಕೋಣ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಯುವ ಸಂವತ್ಸರ 1875, 1935, 1995ರಲ್ಲಿ ಬಂದಿದೆ. 1995 ಆಗಲು ಸಾಧ್ಯವಿಲ್ಲ, ಆಣೆ 1957ಕ್ಕೆ ಲೆಕ್ಕದಿಂದ ಹೋಯಿತು, ಮಣವೂ ಮೆಟ್ರಿಕ್ ತೂಕ ಬಂದ ಮೇಲೆ ಹೋಯಿತು. ಉಳಿದದ್ದು 1875 ಅಥವಾ 1935. ಮಾರ್ಗಶಿರ ಬಹುಳ ಅಂದರೆ ಡಿಸೆಂಬರ್, ಅರೇಬಿಕಾ ಕುಯ್ಲಿನ ಕಾಲ. ಹೊಂದುತ್ತದೆ.

ಹಳೇ ಹೆಂಚು

ಒಂದೇ ಗೋಡೆಯಲ್ಲಿ ಕಾಫಿ ನಿಂತು ಏಲಕ್ಕಿ ಮುಂದುವರಿದಿದೆ ಅಂದರೆ 1935ರ ಕಡೆಯೇ ತೂಕ ಜಾಸ್ತಿ. ಪೂಲ್ ಬಂದಿದ್ದು ಅದಾಗಿ ಏಳೇ ವರ್ಷಕ್ಕೆ.

ಗಾರೆ ಗಾಣ

ತೊಲೆಯೂ ಅದನ್ನೇ ಹೇಳುತ್ತದೆ. ಡಾರ್ಮನ್ ಲಾಂಗ್ ಮಿಡಲ್ಸ್‌ಬರೋದ ಕಂಪನಿ, ಸಿಡ್ನಿ ಹಾರ್ಬರ್ ಸೇತುವೆ ಕಟ್ಟಿದವರು ಅವರೇ. 1875 ಅವರು ಆಗಷ್ಟೇ ಶುರುವಾದ ಕಾಲ. ಅಂಥ ತೊಲೆ ಇಲ್ಲಿಗೆ ಬಂದಿದ್ದು ಆಮೇಲೆಯೇ. ಹಡಗಿನಲ್ಲಿ ಬಂದು, ರೈಲಿನಲ್ಲಿ ಕಡೂರಿಗೆ ಬಂದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಬಂದಿರಬೇಕು. ಚಿಕ್ಕಮಗಳೂರಿಗೆ ರೈಲು ಬಂದಿದ್ದು 2013ರಲ್ಲಿ, ನಿಮಗೆಲ್ಲ ಗೊತ್ತು. ಅಷ್ಟು ಉದ್ದದ ಕಬ್ಬಿಣವನ್ನು ಗಾಡಿಯ ಮೇಲೆ ಹೇಗೆ ತಂದರೋ!

ಕಾಂಕ್ರೀಟ್ ಕೈ

ನಾನು ಮೊದಲು ಬರೆದದ್ದನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಖರ್ಚು ಖರ್ಚೇ. ಆದರೆ ಹನ್ನೊಂದರಲ್ಲಿ ಎರಡೇ ಜಂತೆ ಕೆಟ್ಟಿದ್ದರೆ ಅದು ಕೆಡವುವ ಕಟ್ಟಡ ಅಲ್ಲ, ಇದು ನನ್ನ ಕೆಲಸದ ಅನುಭವದ ಮಾತು. ತುದಿ ಕೊಳೆತ ಜಂತೆಗೆ ಇಡೀ ಮರ ಬದಲಿಸಬೇಕಿಲ್ಲ. ಕೊಳೆತ ಭಾಗ ಕತ್ತರಿಸಿ ಎರಡು ಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟ್ ಹಾಕಬಹುದು. ಮೊದಲು ಕೆಳಗೆ ಜಾಕಿ ಕೊಟ್ಟು ನಿಲ್ಲಿಸಿ. ಬಾಡಿಗೆದಾರರಿಗೆ ಆ ಕಡೆ ಕೂರಬೇಡಿ ಅಂತ ಇವತ್ತೇ ಹೇಳಿ.

ಪತ್ರ ಪಹಣಿ

ಇನ್ನೊಂದು ಮಾತು. ಹಳೆಯದಾದ ಮಾತ್ರಕ್ಕೆ ಯಾವ ಕಾನೂನೂ ಇದನ್ನು ಕಾಪಾಡುವುದಿಲ್ಲ. ರಾಜ್ಯದ 1961ರ ಸ್ಮಾರಕ ಕಾಯ್ದೆ ಸರ್ಕಾರ ಘೋಷಿಸಿದ ಸ್ಮಾರಕಗಳಿಗೆ. ನಿಮ್ಮ ಮಂಡಿ ಉಳಿದರೆ ಅದು ನಿಮ್ಮ ಮೂರು ಮನೆಯವರು ಕೂತು ಒಪ್ಪಿದ್ದರಿಂದ ಮಾತ್ರ. ಚಿಕ್ಕಪ್ಪನವರ ಜೊತೆ ಜಗಳ ಬೇಡ. ಅವರನ್ನೂ ಆ ಗೋಡೆ ಮುಂದೆ ಕರೆದುಕೊಂಡು ಹೋಗಿ.

ಹಾಸನದ ಹಲಗೆ

ಗೋಡೆಯ ಬರಹಕ್ಕೆ ನೀರು, ಬಟ್ಟೆ ಏನೂ ತಾಗಿಸಬೇಡಿ. ಇದ್ದಿಲು ಒರೆಸಿದರೆ ಹೋಯಿತು. ಹಗಲು ಬೆಳಕಿನಲ್ಲಿ ಪಕ್ಕದಿಂದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಕೆಲಸದವರು ಸಿಮೆಂಟ್ ಕೆತ್ತುವಾಗ ಆ ಗೋಡೆ ಬಿಟ್ಟು ಕೆತ್ತಲಿ.

ಮಂಡಿಮನೆ ಮೊಮ್ಮಗ

ಚಿಕ್ಕಪ್ಪ ಇವತ್ತು ಸಂಜೆ ಬಂದಿದ್ದರು. ಗೋಡೆ ಮುಂದೆ ಟಾರ್ಚ್ ಹಿಡಿದು ತುಂಬಾ ಹೊತ್ತು ನಿಂತರು. "ಈ 'ಕೂ' ಬರೆಯುವ ರೀತಿ ಅಪ್ಪಯ್ಯನದೇ, ಕೊಂಬು ಹೀಗೇ ಎಳೀತಿದ್ರು" ಅಂದರು. 1935ರಲ್ಲಿ ತಾತನಿಗೆ ಹದಿನಾರು ವರ್ಷ. ಮಂಡಿಯಲ್ಲಿ ಕೂಲಿ ಲೆಕ್ಕ ಬರೆಯಲು ಕೂರಿಸಿದ್ದರು ಅಂತ ಕಾಣುತ್ತದೆ.

ಕೆಡವುವ ಮಾತು ಪೂರ್ತಿ ಬಿಟ್ಟಿಲ್ಲ. ಆದರೆ ಈ ಮಳೆಗಾಲ ಕಳೆಯಲಿ, ಮೊದಲು ದೋಣಿ ಮತ್ತು ಆ ಎರಡು ಜಂತೆ ಮಾಡಿಸೋಣ, ಖರ್ಚು ಮೂರು ಪಾಲು ಅಂದರು. ದೊಡ್ಡಪ್ಪನೂ ಫೋನಿನಲ್ಲಿ ಒಪ್ಪಿದರು. ಬಿರುಕಿಗೆ ಗಾಜು ಅಂಟಿಸಿ ತಾರೀಖು ಬರೆದಿದ್ದೇನೆ. ಜಾಕಿ ನಾಳೆ ಬರುತ್ತದೆ.

ಗಾರೆ ಗಾಣ ಅವರೇ, ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ತರೀಕೆರೆ, ಕಡೂರು ಕಡೆ ಯಾರಾದರೂ ಇದ್ದರೆ ತಿಳಿಸಿ. ಬಾಸೆಲ್ ಮಿಷನ್ ಹೆಂಚು ಸುಮಾರು ನಲವತ್ತು ಒಡೆದಿವೆ. ಯಾರ ಹಿತ್ತಲಲ್ಲಾದರೂ ಅದೇ ಅಚ್ಚಿನವು ಇದ್ದರೆ ಹೇಳಿ, ಗಾಡಿ ತಗೊಂಡು ನಾನೇ ಬರುತ್ತೇನೆ.

ಮೂಡಿಗೆರೆ ಮಳೆ

ನಮ್ಮ ಕೊಟ್ಟಿಗೆ ಹಿಂದೆ ಜೋಡಿಸಿಟ್ಟಿದ್ದೇವೆ, ಅರವತ್ತಕ್ಕೆ ಕಡಿಮೆ ಇಲ್ಲ. ದುಡ್ಡು ಬೇಡ. ಬರುವಾಗ ಆ ಗೋಡೆಯ ಫೋಟೋ ತನ್ನಿ, ನಮ್ಮಮ್ಮನಿಗೆ ತೋರಿಸಬೇಕು.